ಸೆಕೆಂಡ್ ಹ್ಯಾಂಡ್ ಪ್ರಿಂಟರಿಗೆ ಕನ್ನಡದ ಕೆಲಸ ಕೊಡಿ!

(ಬೆಂಗಳೂರಿನ ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನನಗೆ ಭಾಷಣ ಬರುವುದಿಲ್ಲ. ಪ್ರೆಸ್ಸಿನಲ್ಲಿ ಮಷಿನ್ ಸದ್ದಿನ ನಡುವೆ ಕೂಗಿ ಮಾತಾಡಿ ಅಭ್ಯಾಸ. ಸಂಘದ ಹುಡುಗರು ಬಂದು, ಕನ್ನಡ ಮತ್ತು ತಂತ್ರಜ್ಞಾನ ಅಂತ ಏನಾದರೂ ಮಾತಾಡಿ ಅಂದರು. ಅಷ್ಟು ದೊಡ್ಡ ವಿಷಯ ವಿದ್ವಾಂಸರಿಗಿರಲಿ. ನಾನು ಒಂದೇ ಒಂದು ಯಂತ್ರದ ಬಗ್ಗೆ ಹೇಳುತ್ತೇನೆ. ಆಫೀಸೊಂದು ಬೇಡವೆಂದು ಬಿಸಾಕಿದ ಲೇಸರ್ ಪ್ರಿಂಟರ್. ಅದನ್ನು ಕೊಂಡು ತಂದು ನಿಮ್ಮ ಮನೆಯಲ್ಲೋ ಸಂಘದ ಕೊಠಡಿಯಲ್ಲೋ ವೈಫೈ ರೂಟರಿಗೆ ಕಟ್ಟಿ, ಮನೆಮಂದಿಯೆಲ್ಲ, ಸಂಘದವರೆಲ್ಲ ಅದರಿಂದ ಕನ್ನಡ ಅಚ್ಚು ಹಾಕುವುದು ಹೇಗೆ ಅನ್ನುವುದಷ್ಟೇ ಇವತ್ತಿನ ಮಾತು.

ಇದರಲ್ಲಿ ಕನ್ನಡದ ಹೋರಾಟ ಎಲ್ಲಿ ಬಂತು ಅಂತ ಕೇಳುತ್ತೀರಿ. ಕೇಳಿ. ನಮ್ಮ ಬಡಾವಣೆಯ ಹುಡುಗನೊಬ್ಬ ಮಾಹಿತಿ ಹಕ್ಕಿನ ಅರ್ಜಿಯನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಟೈಪು ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೋದ. ಫೈಲು ತೆರೆದರೆ ಒತ್ತಕ್ಷರವೆಲ್ಲ ಪಕ್ಕಕ್ಕೆ ಜಾರಿ ಕೂತಿವೆ, ಅರ್ಕಾವೊತ್ತು ಇನ್ನೆಲ್ಲೋ. ಅಂಗಡಿಯವನು ಅಂದದ್ದು: ‘ನಮ್ಮ ಮಷಿನ್ನಿಗೆ ಕನ್ನಡ ಬರಲ್ಲ ಸಾರ್, ಇಂಗ್ಲಿಷಲ್ಲಿ ಮಾಡ್ಕೊಂಡು ಬನ್ನಿ.’ ಹುಡುಗ ಮನೆಗೆ ಬಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟ. ವಿಧಾನಸೌಧದ ಮುಂದೆ ಘೋಷಣೆ ಕೂಗಿದವನೇ ಆತ! ಸರ್ಕಾರ ಬೇಡ ಅನ್ನಲಿಲ್ಲ, ಅಧಿಕಾರಿ ಬೇಡ ಅನ್ನಲಿಲ್ಲ, ಅಂಗಡಿಯ ಪ್ರಿಂಟರಿನ ಮುಂದೆ ಕನ್ನಡ ಸೋತಿತು. ಇಂಥ ಸೋಲು ದಿನಕ್ಕೆಷ್ಟೋ, ಯಾರೂ ಲೆಕ್ಕ ಇಟ್ಟಿಲ್ಲ.

ಮಷಿನ್ನಿಗೆ ಕನ್ನಡ ಬರಲ್ಲ ಅನ್ನುವುದು ಅರ್ಧ ನಿಜ. ಆಫೀಸ್ ಪ್ರಿಂಟರುಗಳ ಹೊಟ್ಟೆಯೊಳಗೆ ಒಂದಿಷ್ಟು ಅಕ್ಷರಗಳನ್ನು ಕಾರ್ಖಾನೆಯಲ್ಲೇ ತುಂಬಿರುತ್ತಾರೆ, ಅವು ಇಂಗ್ಲಿಷಿನವು. ಕನ್ನಡ ತುಂಬಿದ್ದನ್ನು ನಾನು ಕಂಡಿಲ್ಲ. ಆದರೆ ತುಂಬಬೇಕಾಗಿಯೂ ಇಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರವನ್ನೆಲ್ಲ ಜೋಡಿಸುವುದು ನಿಮ್ಮ ಕಂಪ್ಯೂಟರು. ಪ್ರಿಂಟರಿಗೆ ಹೋಗುವುದು ಅಕ್ಷರದ ಆಕಾರ ಮಾತ್ರ. ಹಿಂದೆ ನಮ್ಮ ಕಂಪೋಸಿಟರ್ ಮೊಳೆ ಜೋಡಿಸಿ ಚೌಕಟ್ಟು ಕಟ್ಟಿ ಟ್ರೆಡಲ್ ಮೇಲಿಟ್ಟರೆ, ಟ್ರೆಡಲ್ಲಿಗೆ ಕನ್ನಡ ಬರುತ್ತಿತ್ತೇ? ಮೊಳೆಗೆ ಮಸಿ ಹಚ್ಚಿ ಒತ್ತುವುದಷ್ಟೇ ಅದರ ಕೆಲಸ. ಇದೂ ಹಾಗೇ. ಜೋಡಣೆ ಸರಿ ಇದ್ದರೆ ಯಾವ ಪ್ರಿಂಟರಿನಲ್ಲೂ ಕನ್ನಡ ಸರಿಯಾಗಿ ಬರುತ್ತದೆ.

ಪ್ರೆಸ್ಸಿನವನು ಗಿರಾಕಿಗೆ ಪ್ರಿಂಟರ್ ಕೊಳ್ಳಿ ಅಂತಾನಲ್ಲ, ಹುಚ್ಚೇ ಅನ್ನಬೇಡಿ. ಹತ್ತು ಅರ್ಜಿ, ಇಪ್ಪತ್ತು ಮನವಿ ಪತ್ರ, ಐವತ್ತು ಸಭೆಯ ಆಹ್ವಾನ, ಇವಕ್ಕೆ ಪ್ಲೇಟ್ ಮಾಡಿ ಆಫ್‌ಸೆಟ್ ಮಷಿನ್ ತಿರುಗಿಸಿದರೆ ನಿಮಗೂ ನಷ್ಟ, ನನಗೂ ತಲೆನೋವು. ಐನೂರು ದಾಟಿದ ಕರಪತ್ರ ತನ್ನಿ, ಕಾಫಿ ಕುಡಿಸಿ ಮಾಡಿಕೊಡುತ್ತೇನೆ.

ಈಗ ಯಂತ್ರ ಕೊಳ್ಳುವ ವಿಚಾರ. ಎಸ್.ಪಿ. ರಸ್ತೆಗೆ ಹೋಗಿ. ಕಂಪನಿಗಳು ಆಫೀಸು ಬದಲಿಸಿದಾಗ, ಮಷಿನ್ ಬದಲಿಸಿದಾಗ ಹಳೆಯವು ಬಂದು ಬೀಳುವ ಜಾಗಗಳಲ್ಲಿ ಅದೂ ಒಂದು. ಮೊದಲು ಮಾದರಿ ಸಂಖ್ಯೆಯ ಬಾಲ ನೋಡಿ. ಎಚ್‌ಪಿ ಲೇಸರ್‌ಜೆಟ್ ಪಿ2055ಡಿಎನ್ ಅಂತ ಇದ್ದರೆ, ‘ಡಿ’ ಅಂದರೆ ಹಾಳೆಯ ಎರಡೂ ಬದಿ ತಾನೇ ಅಚ್ಚು ಹಾಕುತ್ತದೆ, ‘ಎನ್’ ಅಂದರೆ ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ಇದೆ. ‘ಡಬ್ಲ್ಯು’ ಇದ್ದರೆ ವೈಫೈ. ನಮಗೆ ಮುಖ್ಯವಾದದ್ದು ‘ಎನ್’. ಅಂಗಡಿಯವನ ಮಾತು ನಂಬಬೇಡಿ, ಮಷಿನ್ ತಿರುಗಿಸಿ ಬೆನ್ನು ನೋಡಿ. ರೂಟರಿನ ಹಿಂದಿರುವಂಥದೇ ಚೌಕ ಕಿಂಡಿ ಅಲ್ಲಿರಬೇಕು.

ಊರ ತುಂಬ ಇರುವ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಗಟ್ಟಿ ಯಂತ್ರಗಳೇ. ಆದರೆ ಅವಕ್ಕೆ ಯುಎಸ್‌ಬಿ ಬಿಟ್ಟರೆ ಬೇರೆ ದಾರಿಯಿಲ್ಲ, ಸ್ವಂತ ಬುದ್ಧಿಯೂ ಕಮ್ಮಿ. ಪುಟ ರೂಪಿಸುವ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡಿಕೊಡಬೇಕು. 1020ಕ್ಕಂತೂ ಆನ್ ಮಾಡಿದಾಗಲೆಲ್ಲ ಅದರ ಒಳಗಿನ ಸಾಫ್ಟ್‌ವೇರನ್ನೇ ಹೊಸದಾಗಿ ಕಳಿಸಬೇಕು. ಆಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಅದಕ್ಕೂ ಉಪಾಯ ಹೇಳುತ್ತೇನೆ. ಹೊಸದಾಗಿ ಕೊಳ್ಳುವವರು ಮಾತ್ರ ಇವನ್ನು ಬಿಡಿ.

ಅಂಗಡಿಯಲ್ಲೇ ಕಾನ್ಫಿಗರೇಶನ್ ಪುಟ ತೆಗೆಸಿ. ಪರದೆ ಇರುವ ಮಷಿನ್ನಿನಲ್ಲಿ ಮೆನುವಿನ ರಿಪೋರ್ಟ್ಸ್ ಒಳಗಿರುತ್ತದೆ. ಅದರಲ್ಲಿ ಇದುವರೆಗೆ ಎಷ್ಟು ಪುಟ ಅಚ್ಚಾಗಿದೆ ಅನ್ನುವ ಲೆಕ್ಕ ಬರುತ್ತದೆ. ಕಾರಿಗೆ ಕಿಲೋಮೀಟರ್ ಹೇಗೋ ಹಾಗೆ. ಲಕ್ಷ ಪುಟ ಓಡಿದ ಆಫೀಸ್ ಮಷಿನ್ ಸತ್ತಿದೆ ಅಂತೇನಲ್ಲ. ಹಾಳೆ ಎಳೆಯುವ ಪಿಕಪ್ ರೋಲರ್, ಮಸಿಯನ್ನು ಬಿಸಿಗೆ ಕರಗಿಸಿ ಹಾಳೆಗೆ ಹಿಡಿಸುವ ಫ್ಯೂಸರ್ ಬದಲಿಸಿದ್ದಾರೋ ಕೇಳಿ, ಅಷ್ಟೇ. ಅಚ್ಚಾದ ಪುಟವನ್ನು ಹೆಬ್ಬೆರಳಲ್ಲಿ ಉಜ್ಜಿ. ಮಸಿ ಎದ್ದು ಬಂದರೆ ಫ್ಯೂಸರ್ ಹೋಗಿದೆ. ಒಂದೇ ಕಲೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಡ್ರಮ್ಮಿನಲ್ಲೋ ರೋಲರಿನಲ್ಲೋ ಗಾಯ. ಹತ್ತು ಹಾಳೆ ಒಟ್ಟಿಗೆ ಬಿಟ್ಟು ನೋಡಿ. ಎರಡೆರಡು ಹಾಳೆ ಎಳೆದರೆ ರೋಲರ್ ಅಥವಾ ಹಾಳೆ ಬಿಡಿಸುವ ಪ್ಯಾಡ್ ಸವೆದಿದೆ. ಇದು ಕಡಿಮೆ ಖರ್ಚಿನ ರಿಪೇರಿ, ಬೆಲೆ ಇಳಿಸಿ ಕೇಳಿ. ಟೋನರ್ ಸಿಗುತ್ತದೋ ಇಲ್ಲವೋ ಅದೇ ರಸ್ತೆಯಲ್ಲಿ ವಿಚಾರಿಸಿ. 2055ಕ್ಕೆ 05ಎ ಅಂದರೆ 2,300 ಪುಟದ್ದು, 05ಎಕ್ಸ್ ಅಂದರೆ 6,500 ಪುಟದ್ದು. ಈ ಲೆಕ್ಕ ಪುಟದ ನೂರರಲ್ಲಿ ಐದು ಭಾಗ ಮಾತ್ರ ಕಪ್ಪಾಗುವ ಸಾದಾ ಪತ್ರದ್ದು. ನಾವು ಹಾಕುವ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದ ‘ಎಚ್ಚರಿಕೆ!’ ಕರಪತ್ರಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ.

ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೂ ಒಂದು ಕನ್ನಡ ಪಿಡಿಎಫನ್ನೂ ಒಯ್ಯಿರಿ. ಅದರಲ್ಲಿ ಸ್ವಾತಂತ್ರ್ಯ, ರಾಷ್ಟ್ರ, ವೈಶಿಷ್ಟ್ಯ, ಜ್ಞಾನ, ಕರ್ನಾಟಕ ಈ ಐದು ಪದ ಇರಲಿ. ಈ ಐದು ನೆಟ್ಟಗೆ ಬಂದರೆ ಉಳಿದದ್ದೂ ಬರುತ್ತದೆ.

ಇನ್ನೊಂದು ಗಂಭೀರ ಮಾತು. ಆಫೀಸ್ ಮಷಿನ್ ಅಂದರೆ ಆ ಆಫೀಸಿನ ನೆನಪೂ ಜೊತೆಗೆ ಬರುತ್ತದೆ. ಸ್ಕ್ಯಾನು, ಜೆರಾಕ್ಸು ಎಲ್ಲ ಮಾಡುವ ದೊಡ್ಡ ಯಂತ್ರಗಳಲ್ಲಿ ಬಹಳಷ್ಟಕ್ಕೆ ಹಾರ್ಡ್ ಡಿಸ್ಕ್ ಇರುತ್ತದೆ. 2010ರಲ್ಲಿ ಅಮೆರಿಕದ ಸಿಬಿಎಸ್ ಸುದ್ದಿಸಂಸ್ಥೆಯವರು ಸೆಕೆಂಡ್ ಹ್ಯಾಂಡ್ ಕಾಪಿಯರುಗಳನ್ನು ಕೊಂಡು ಬಿಚ್ಚಿ ನೋಡಿದಾಗ ಪೊಲೀಸ್ ಇಲಾಖೆಯ ಕಡತ, ಜನರ ವೈದ್ಯಕೀಯ ದಾಖಲೆ ಸಿಕ್ಕಿದ್ದವು. ನಿಮ್ಮ ಕೈಗೆ ಬಂದದ್ದರಲ್ಲಿ ಅಂಥದ್ದಿದ್ದರೆ ಓದಲು ಹೋಗಬೇಡಿ, ಅಳಿಸಿಬಿಡಿ. ನಾಳೆ ನೀವು ಮಾರುವಾಗಲೂ ಅಳಿಸಿಯೇ ಮಾರಿ; ಸಂಘದವರ ವಿಳಾಸ, ಫೋನ್ ನಂಬರು ಬೀದಿಗೆ ಹೋಗುವುದು ಬೇಡ. ಸಾದಾ ಪ್ರಿಂಟರುಗಳಲ್ಲಿ ಡಿಸ್ಕ್ ಇರುವುದಿಲ್ಲವಾದರೂ ಹಳೆಯ ಆಫೀಸಿನ ನೆಟ್‌ವರ್ಕ್ ವಿಳಾಸ, ಪಾಸ್‌ವರ್ಡ್ ಉಳಿದಿರುತ್ತವೆ. ಮನೆಗೆ ತಂದ ತಕ್ಷಣ ಫ್ಯಾಕ್ಟರಿ ರೀಸೆಟ್ ಮಾಡಿ. ಅಂಗಡಿಯಲ್ಲೇ ಮಾಡಿಸಿಕೊಂಡು ಬಂದರೆ ಇನ್ನೂ ಮೇಲು, ಪಾಸ್‌ವರ್ಡ್ ಕೇಳಿ ಸತಾಯಿಸಿದರೆ ಅವನೇ ಒದ್ದಾಡಲಿ!

ಕರೆಂಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅರ್ತಿಂಗ್ ಇರುವ ಮೂರು ಪಿನ್ನಿನ ಗೋಡೆ ಸಾಕೆಟ್ಟು. ಕಂಪ್ಯೂಟರಿನ ಯುಪಿಎಸ್ಸಿಗೆ ಲೇಸರ್ ಪ್ರಿಂಟರ್ ಹಾಕಲೇಬೇಡಿ. ಫ್ಯೂಸರ್ ಕಾಯುವಾಗ ಇಸ್ತ್ರಿಪೆಟ್ಟಿಗೆಯ ಹಾಗೆ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಯುಪಿಎಸ್ ಕೂಗಿಕೊಂಡು ಕೂರುತ್ತದೆ.

ಈಗ ನೆಟ್‌ವರ್ಕ್. ಹೆಸರು ಕೇಳಿ ಹೆದರುವವರು ಬಹಳ. ಬೀದಿ ಮತ್ತು ಮನೆ ನಂಬರು ಗೊತ್ತಿದ್ದವನಿಗೆ ಇದೂ ಗೊತ್ತಾಗುತ್ತದೆ. ರೂಟರ್ ಅಂದರೆ ನಿಮ್ಮ ಬೀದಿಯ ಪೋಸ್ಟ್ ಆಫೀಸು. ಅದು ಪ್ರತಿ ಫೋನಿಗೆ, ಪ್ರತಿ ಕಂಪ್ಯೂಟರಿಗೆ ಒಂದೊಂದು ಮನೆ ನಂಬರು ಕೊಡುತ್ತದೆ. ಬಿಎಸ್‌ಎನ್‌ಎಲ್ ಫೈಬರಿನ ಮೋಡೆಮ್ಮಿನಲ್ಲಿ ಸಾಮಾನ್ಯವಾಗಿ ಪೋಸ್ಟ್ ಆಫೀಸಿನ ನಂಬರು 192.168.1.1, ಜಿಯೋದಲ್ಲಿ 192.168.29.1. ಕೊನೆಯ ಅಂಕಿ ಬಿಟ್ಟು ಮೊದಲ ಮೂರು ಅಂಕಿ ಬೀದಿಯ ಹೆಸರು ಅಂದುಕೊಳ್ಳಿ. ಆಫೀಸಿನಿಂದ ಬಂದ ಪ್ರಿಂಟರಿಗೆ ಅಲ್ಲಿನವರು ಶಾಶ್ವತವಾಗಿ 10ರಿಂದಲೋ 172ರಿಂದಲೋ ಶುರುವಾಗುವ ವಿಳಾಸ ಕೆತ್ತಿಬಿಟ್ಟಿರುತ್ತಾರೆ. ಅದು ನಿಮ್ಮ ಮನೆಯಲ್ಲಿ ಕೂತು ಹಳೆಯ ಬೀದಿಯ ವಿಳಾಸವನ್ನೇ ಹೇಳುತ್ತಿದ್ದರೆ ಕಾಗದ ಯಾರು ತಲುಪಿಸುತ್ತಾರೆ? ಕೇಬಲ್ ಚುಚ್ಚಿದರೂ ಪ್ರಿಂಟರ್ ಕಾಣಿಸುತ್ತಿಲ್ಲ ಅನ್ನುವವರ ತೊಂದರೆ ಎಷ್ಟೋ ಸಲ ಇದೇ. ರೀಸೆಟ್ ಮಾಡಿದ ಮೇಲೆ ನೆಟ್‌ವರ್ಕ್ ಮೆನುವಿನಲ್ಲಿ ಡಿಎಚ್‌ಸಿಪಿ ಅಥವಾ ಆಟೋಮ್ಯಾಟಿಕ್ ಅಂತ ಇದೆಯೋ ನೋಡಿ, ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಸೇರಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಕಾನ್ಫಿಗರೇಶನ್ ಪುಟ ತೆಗೆಯಿರಿ. ಈಗ ಅದರಲ್ಲಿ ನಿಮ್ಮ ಬೀದಿಯ ವಿಳಾಸ ಬಂದಿರಬೇಕು, 192.168.1.7 ಅಂತ ಏನೋ ಒಂದು. ಆ ನಂಬರನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಹೊಡೆಯಿರಿ. ಪ್ರಿಂಟರಿನದೇ ಒಂದು ಪುಟ ತೆರೆದುಕೊಳ್ಳುತ್ತದೆ. ತೆರೆದರೆ ಅರ್ಧ ಯುದ್ಧ ಗೆದ್ದಂತೆ. ಮೊದಲು ಅಲ್ಲಿ ಹೊಸ ಪಾಸ್‌ವರ್ಡ್ ಇಡಿ.

ಆದರೆ ಈ ವಿಳಾಸ ನಾಳೆ ಇದೇ ಇರುತ್ತದೆ ಅನ್ನುವ ಹಾಗಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ 7ನೇ ನಂಬರನ್ನು ಯಾರದೋ ಮೊಬೈಲಿಗೆ ಕೊಟ್ಟು ಪ್ರಿಂಟರಿಗೆ 12 ಕೊಡಬಹುದು. ಸೋಮವಾರ ಅಚ್ಚಾದದ್ದು ಮಂಗಳವಾರ ‘ಆಫ್‌ಲೈನ್’! ಇದಕ್ಕೆ ಮದ್ದು ರೂಟರಿನ ಪುಟದಲ್ಲಿದೆ. ಅಡ್ರೆಸ್ ರಿಸರ್ವೇಶನ್ ಅಂತ ಒಂದು ಜಾಗ ಇರುತ್ತದೆ. ಕಾನ್ಫಿಗರೇಶನ್ ಪುಟದಲ್ಲಿ ಮ್ಯಾಕ್ ಅಥವಾ ಹಾರ್ಡ್‌ವೇರ್ ಅಡ್ರೆಸ್ ಅಂತ ಹನ್ನೆರಡು ಅಕ್ಷರ ಅಂಕಿಯ ಗುರುತು ಇರುತ್ತದಲ್ಲ, ಅದನ್ನು ಅಲ್ಲಿ ಬರೆದು, ಇದಕ್ಕೆ ಯಾವಾಗಲೂ ಇದೇ ನಂಬರು ಅಂತ ಕಾಯ್ದಿರಿಸಿ. ರೈಲಿನ ಸೀಟಿನ ಹಾಗೆ. ಈ ಐದು ನಿಮಿಷದ ಕೆಲಸ ಬಿಟ್ಟವರೇ ಆಮೇಲೆ ವರ್ಷವಿಡೀ ಪ್ರಿಂಟರನ್ನು ಬೈಯುತ್ತಾರೆ.

ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ತಾನಾಗಿ ಹುಡುಕಲಿ ಅಂತ ಕಾಯಬೇಡಿ. ಕೆಳಗೆ ‘ಆಡ್ ಮ್ಯಾನುಯಲಿ’ ಇರುತ್ತದೆ. ಟಿಸಿಪಿ/ಐಪಿ ಆರಿಸಿ ಆ ವಿಳಾಸ ಕೊಡಿ. ಪೋರ್ಟ್ ‘ರಾ’, ನಂಬರು 9100. ಎಚ್‌ಪಿಯಾದರೆ ಯೂನಿವರ್ಸಲ್ ಪ್ರಿಂಟ್ ಡ್ರೈವರ್ ಅಂತ ಒಂದೇ ಸಾಫ್ಟ್‌ವೇರು ಅವರ ಬಹುತೇಕ ಆಫೀಸ್ ಮಾದರಿಗಳಿಗೆ ನಡೆಯುತ್ತದೆ. ಎಲ್ಲ ಸರಿ ಇದ್ದೂ ಆಫ್‌ಲೈನ್ ತೋರಿಸಿದರೆ ಪೋರ್ಟಿನ ಸೆಟ್ಟಿಂಗಿನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಅನ್ನುವ ಗುರುತು ತೆಗೆದು ನೋಡಿ. ಲಿನಕ್ಸ್ ಇಟ್ಟುಕೊಂಡ ಹುಡುಗರಿಗೆ ನಾನೇನೂ ಹೇಳಬೇಕಿಲ್ಲ, ಅವರಿಗೆ ಕಪ್ಸ್ ಇದೆ.

1020 ಇದ್ದವರಿಗೆ ಉಪಾಯ ಹೇಳುತ್ತೇನೆ ಅಂದೆನಲ್ಲ. ರಾಸ್‌ಬೆರಿ ಪೈ ಅಂತ ಅಂಗೈಯಗಲದ ಕಂಪ್ಯೂಟರ್ ಸಿಗುತ್ತದೆ. ಅದಕ್ಕೆ ಕಪ್ಸ್ ಹಾಕಿ, ಪ್ರಿಂಟರಿನ ಯುಎಸ್‌ಬಿ ಅದಕ್ಕೆ ಚುಚ್ಚಿ, ಅದನ್ನು ರೂಟರಿಗೆ ಸೇರಿಸಿದರೆ ಯುಎಸ್‌ಬಿ ಪ್ರಿಂಟರೂ ನೆಟ್‌ವರ್ಕ್ ಪ್ರಿಂಟರಾಗುತ್ತದೆ. 1020ಕ್ಕೆ ಫೂ2ಝಡ್‌ಜೆಎಸ್ ಅನ್ನುವ ಬಿಟ್ಟಿ ಡ್ರೈವರ್ ಇದೆ. ಕ್ಯಾನನ್ 2900ಕ್ಕೆ ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಜಾತಿಯ ಕಂಪ್ಯೂಟರಿಗೆ ಮಾಡಿದ್ದು, ಪೈ ಮೇಲೆ ತಕರಾರು. ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪನ್ನೇ ಅದರ ಪಕ್ಕ ಕೂರಿಸಿ ಹಂಚಿಕೊಳ್ಳಿ. ಕಪ್ಸ್ ಇದ್ದರೆ ಮತ್ತೊಂದು ಲಾಭ: ಹಳೆಯ ಪ್ರಿಂಟರ್ ಮೊಬೈಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಫೋನಿನಿಂದ ನೇರ ಅಚ್ಚು ಹಾಕುವ ಏರ್‌ಪ್ರಿಂಟ್ ಬಂದದ್ದೇ 2010ರಲ್ಲಿ. ಅದಕ್ಕಿಂತ ಹಿಂದಿನ ಯಂತ್ರಗಳಿಗೆ ಆ ಮಾತು ತಿಳಿಯದು, ನಡುವೆ ಕಪ್ಸ್ ದುಭಾಷಿಯಾಗುತ್ತದೆ.

ಇನ್ನು ಕನ್ನಡ. ನಾನು ಬಂದದ್ದೇ ಇದಕ್ಕೆ. ಅಂಗಡಿಯಲ್ಲಿ ಕನ್ನಡ ಒಡೆಯುವುದಕ್ಕೆ ಎರಡು ಕಾರಣ. ಮೊದಲನೆಯದು ಫಾಂಟ್. ಡಿಟಿಪಿಯವರು, ನಾನೂ ಸೇರಿ, ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪು ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷೇ. ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ಮುಖವಾಡ. ಆ ಫಾಂಟ್ ಇಲ್ಲದ ಅಂಗಡಿಯಲ್ಲಿ ಮುಖವಾಡ ಕಳಚಿ, ತಲೆಯ ಮೇಲೆ ಕೊಂಬು ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳು ಬರುತ್ತವೆ. ಯುನಿಕೋಡ್‌ನಲ್ಲಿ ಹಾಗಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಜಾಗ ಸಿಕ್ಕಿತು. ಮೂವತ್ತು ವರ್ಷದ ಮೇಲಾಯಿತು, ಇನ್ನೂ ಹಳೆಯ ಫಾಂಟಿನಲ್ಲೇ ಮನವಿ ಪತ್ರ ಟೈಪು ಮಾಡುವ ಸಂಘಗಳಿವೆ! ಯುನಿಕೋಡಿನಲ್ಲಿ ಬರೆಯಿರಿ. ವಿಂಡೋಸಿನ ಜೊತೆ ಬರುವ ತುಂಗಾ, ನಿರ್ಮಲಾ ಇವೆ. ನೋಟೋ ಸೆರಿಫ್ ಕನ್ನಡ ಬಿಟ್ಟಿಯಾಗಿ ಸಿಗುತ್ತದೆ, ಅರ್ಜಿಗೆ ಲಕ್ಷಣವಾಗಿ ಕಾಣುತ್ತದೆ. ಬರೆದದ್ದನ್ನು ವರ್ಡ್ ಫೈಲಾಗಿ ಕಳಿಸಬೇಡಿ, ಪಿಡಿಎಫ್ ಮಾಡಿ. ಪಿಡಿಎಫಿನೊಳಗೆ ಅಕ್ಷರದ ಆಕಾರವೂ ಕೂತು ಹೋಗುತ್ತದೆ.

ಎರಡನೆಯದು, ಪರದೆಯ ಮೇಲೆ ಸರಿ ಇದ್ದು ಹಾಳೆಯ ಮೇಲೆ ಮಾತ್ರ ಕೆಡುವುದು. ಇದು ಹಳೆಯ ಡ್ರೈವರುಗಳ ಚಾಳಿ. ನಿಮ್ಮ ಫಾಂಟಿನ ಬದಲು ತನ್ನ ಹೊಟ್ಟೆಯಲ್ಲಿರುವ ಫಾಂಟನ್ನು ಹಾಕಲು ಹೋಗುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಡ್ರೈವರಿನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ಟ್ರೂಟೈಪ್ ಫಾಂಟ್ ಎದುರು ‘ಸಬ್‌ಸ್ಟಿಟ್ಯೂಟ್’ ಇದ್ದರೆ ‘ಡೌನ್‌ಲೋಡ್ ಆ್ಯಸ್ ಸಾಫ್ಟ್‌ಫಾಂಟ್’ ಮಾಡಿ. ಎಚ್‌ಪಿ ಪಿಸಿಎಲ್ ಡ್ರೈವರಿನಲ್ಲಿ ‘ಸೆಂಡ್ ಟ್ರೂಟೈಪ್ ಆ್ಯಸ್ ಬಿಟ್‌ಮ್ಯಾಪ್ಸ್’ ಎನೇಬಲ್ ಮಾಡಿ. ಎರಡೂ ಆಗದಿದ್ದರೆ ಅಕ್ರೊಬ್ಯಾಟ್ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಗುರುತು ಹಾಕಿ. ಇಡೀ ಪುಟವೇ ಚಿತ್ರವಾಗಿ ಹೋಗುತ್ತದೆ. ಸ್ವಲ್ಪ ನಿಧಾನ, ಆದರೆ ಒಂದು ಒತ್ತೂ ಜಾರುವುದಿಲ್ಲ. ಆ ಜೆರಾಕ್ಸ್ ಅಂಗಡಿಯವನಿಗೂ ಇಷ್ಟು ತೋರಿಸಿ ಬನ್ನಿ, ಜಗಳವಾಡದೆ. ಅವನೂ ನಮ್ಮವನೇ, ಕಲಿಸಿದವರಿಲ್ಲ.

ಟೋನರ್ ಉಳಿಸಲು ‘ಎಕಾನೊಮೋಡ್’ ಹಾಕುವವರಿದ್ದೀರಿ. ಇಂಗ್ಲಿಷಿಗೆ ನಡೆದೀತು. ಕನ್ನಡದ ಒತ್ತಕ್ಷರ ಸಣ್ಣದು. ಮಸಿ ತೆಳುವಾದರೆ ಮೊದಲು ಸಾಯುವುದು ಅದೇ. ಅರ್ಜಿಗೆ ಬೇಡ. ಅಕ್ಷರ 12 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲಿನ ನಡುವೆ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದಬಾರದು. ಕಾಗದ 70 ಜಿಎಸ್‌ಎಂ ಸಾಕು. 500 ಹಾಳೆಯ ಎ4 ರೀಮ್ ತೂಗಿದರೆ 2 ಕಿಲೋ 200 ಗ್ರಾಂ ಹತ್ತಿರ ಬರಬೇಕು. ಎರಡೇ ಕಿಲೋ ಬಂದರೆ ಮೇಲೆ ಏನು ಬರೆದಿದ್ದರೂ ಅದು 70 ಅಲ್ಲ. ಮಳೆಗಾಲದಲ್ಲಿ ರೀಮ್ ಬಿಚ್ಚಿಡಬೇಡಿ. ಶೀತ ಕುಡಿದ ಹಾಳೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ.

ಮನೆಯ ಹೊರಗಿದ್ದಾಗಲೂ ಪ್ರಿಂಟ್ ಕೊಡಬೇಕೆಂದು ಯಾರಾದರೂ ಬುದ್ಧಿವಂತರು ರೂಟರಿನಲ್ಲಿ 9100ರ ಬಾಗಿಲು ಇಂಟರ್ನೆಟ್ಟಿಗೆ ತೆರೆದುಬಿಟ್ಟಾರು. ಬೇಡ. 2018ರ ಕೊನೆಯಲ್ಲಿ ಯಾರೋ ಒಬ್ಬ ಹೀಗೆ ತೆರೆದಿಟ್ಟ ಸುಮಾರು 50,000 ಪ್ರಿಂಟರುಗಳಲ್ಲಿ ಯೂಟ್ಯೂಬ್ ಚಾನೆಲ್ಲಿಗೆ ಚಂದಾದಾರರಾಗಿ ಅನ್ನುವ ಚೀಟಿ ಅಚ್ಚು ಹಾಕಿಸಿದ. ಅವನದು ತಮಾಷೆ. ಸಂಘದ ಪ್ರಿಂಟರಿನಿಂದ ಬೇರೆ ಯಾರೋ ಕೆಟ್ಟದ್ದನ್ನು ಅಚ್ಚು ಹಾಕಿಸಿದರೆ ಪೊಲೀಸರ ಮುಂದೆ ನಿಲ್ಲುವವರು ನೀವು.

ಪೊಲೀಸರ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ಪ್ರೆಸ್ಸಿನವರಿಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 127-ಎ ಪ್ರಕಾರ ಚುನಾವಣೆಯ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಕೈಯಲ್ಲಿ ನಕಲು ಮಾಡುವುದು ಬಿಟ್ಟು ಪ್ರತಿ ತೆಗೆಯುವ ಯಾವ ವಿಧಾನವೂ ಅದರಲ್ಲಿ ಮುದ್ರಣವೇ. ಅಂದರೆ ನಿಮ್ಮ ಮಂಚದ ಪಕ್ಕದ ಪ್ರಿಂಟರಿನಲ್ಲಿ ತೆಗೆದರೂ ನೀವು ಮುದ್ರಕರು. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಎರಡು ಸಾವಿರದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಸಮಯದಲ್ಲಿ ಹುಮ್ಮಸ್ಸಿಗೆ ಬಿದ್ದು ಅಚ್ಚು ಹಾಕಬೇಡಿ.

ಅರ್ಜಿಗೆ ಆ ಭಯವಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 6(1) ಅರ್ಜಿಯನ್ನು ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ. ಕೇಂದ್ರದ ಕಚೇರಿಗೂ, ಬ್ಯಾಂಕಿಗೂ ಕನ್ನಡದಲ್ಲೇ ಕೊಡಿ. ಅಚ್ಚಾಗಿ ಕೈಗೆ ಬಂದ ಹಾಳೆಯನ್ನು ಒಮ್ಮೆ ಓದಿ ಸಹಿ ಹಾಕಿ, ಕಾಗುಣಿತದ ತಪ್ಪನ್ನು ಪ್ರಿಂಟರ್ ತಿದ್ದುವುದಿಲ್ಲ.

ಹಿಂದಿನ ಸಾಲಿನವರು ಕೈ ಎತ್ತಿದ್ದಾರೆ. ಟೋನರ್ ತುಂಬಿಸುವಾಗ ಕೈಗೆ ಬಟ್ಟೆಗೆ ಅಂಟಿದರೆ ಏನು ಮಾಡಬೇಕು ಅಂತ ತಾನೇ? ಒಣಗಿದ ಬಟ್ಟೆಯಲ್ಲಿ ಝಾಡಿಸಿ, ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಬೇಡಿ, ಬಿಸಿಗೆ ಕರಗಿ ಹಿಡಿದುಕೊಳ್ಳುತ್ತದೆ. ಅದು ಇರುವುದೇ ಹಾಗೆ ಹಿಡಿದುಕೊಳ್ಳುವುದಕ್ಕೆ.